ಮರುಮಾರಾಟದ ಫ್ಲ್ಯಾಟ್: ನಿಜ ಹೇಳುವ ಹೊಣೆ ಯಾರದು?

ಮಾನ್ಯರೇ,

ಸರ್ಜಾಪುರ ರಸ್ತೆಯ ಆಚೀಚೆ ಎದ್ದಿರುವ ಹೊಸ ವಸತಿ ಸಮುಚ್ಚಯಗಳಲ್ಲಿ ಎಷ್ಟೋ ಫ್ಲ್ಯಾಟುಗಳು ಕಟ್ಟಿ ಮುಗಿದ ಕೆಲವೇ ವರ್ಷಗಳಲ್ಲಿ ಮತ್ತೊಬ್ಬರ ಪಾಲಾಗುತ್ತಿವೆ. ಅಡಿಪಾಯಕ್ಕೆ ಮೊದಲೇ ಹೂಡಿಕೆಗೆಂದು ಕಾಯ್ದಿರಿಸಿದವರು, ಬೀಗದ ಕೈ ಸಿಕ್ಕ ಮೇಲೆ ಒಂದು ದಿನವೂ ಅಲ್ಲಿ ವಾಸಿಸದೆ, ಬೆಲೆ ಏರಿದೊಡನೆ ಮಾರಿ ಹೋಗುತ್ತಾರೆ. ಸ್ವಂತ ಆಸ್ತಿ ಮಾರುವುದು ಅವರ ಹಕ್ಕು. ನನ್ನ ಕಳವಳವಿರುವುದು ಕೊಳ್ಳುವವರ ಬಗ್ಗೆ.

ಅಂಥದೊಂದು ಸಮುಚ್ಚಯದ ನಿವಾಸಿಗಳ ಸಂಘಕ್ಕೆ ನಾನು ಖಜಾಂಚಿ. ಹೊಸ ಮಾಲೀಕರು ನನ್ನ ಬಳಿಗೆ ಬರುವುದು ಕ್ರಯಪತ್ರ ನೋಂದಣಿಯಾದ ಮೇಲೆ. ಹಿಂದಿನವರು ನಿರ್ವಹಣಾ ಶುಲ್ಕ ಬಾಕಿ ಉಳಿಸಿ ಹೋಗಿದ್ದಾರೆ, ಮುಂದಿನ ದೊಡ್ಡ ಖರ್ಚುಗಳಿಗೆಂದು ಮಾಲೀಕರಿಂದ ಸಂಗ್ರಹಿಸಿದ ಕಾರ್ಪಸ್ ನಿಧಿ ಇನ್ನೂ ಬಿಲ್ಡರ್ ಕೈಯಲ್ಲೇ ಇದೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಬೇರೆ ಹಣ ಕಟ್ಟಬೇಕು ಎಂಬುದೆಲ್ಲ ಅವರಿಗೆ ಗೊತ್ತಾಗುವುದು ಆಗಲೇ. ಅಷ್ಟರಲ್ಲಿ ಗೃಹಸಾಲದ ಕಂತು ಶುರುವಾಗಿರುತ್ತದೆ. ಅವರ ಮುಖ ನೋಡಿ ಬಾಕಿಯ ಲೆಕ್ಕ ಹೇಳಲು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ ಎಂದು ಮಧ್ಯವರ್ತಿಗಳು ಒತ್ತಿ ಹೇಳುತ್ತಾರೆ. ಅದು ನಿಜವೇ. ಆದರೆ ‘ಕಾವೇರಿ ನೀರು ಇನ್ನೇನು ಬಂದೇಬಿಟ್ಟಿತು’ ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತ ರೂಪುಗೊಂಡದ್ದು 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗಾಗಿ. ಆ ಗಡಿಯ ಆಚೆ, ಪಂಚಾಯಿತಿ ವ್ಯಾಪ್ತಿಯಲ್ಲಿ ಎದ್ದಿರುವ ಸಮುಚ್ಚಯಗಳಿಗೆ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳೇ ಗತಿ. ಫ್ಲ್ಯಾಟು ಗಡಿಯ ಈಚೆಗಿದೆಯೋ ಆಚೆಗಿದೆಯೋ ಎಂಬುದನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಕಟ್ಟಡದ ದೋಷಗಳ ವಿಷಯದಲ್ಲಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಣಿಸಿಕೊಂಡ ದೋಷಗಳನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಮಾರಾಟದ ಮೂಲಕ ಆಮೇಲೆ ಫ್ಲ್ಯಾಟು ಪಡೆದವರನ್ನೂ ಕಾಯ್ದೆ ಬಿಲ್ಡರ್‌ನಿಂದ ಮೊದಲು ಕೊಂಡವರಂತೆ ಹಂಚಿಕೆದಾರರೆಂದೇ ಪರಿಗಣಿಸುತ್ತದೆ. ಆದರೆ ಅವಧಿ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ನಾಲ್ಕೂವರೆ ವರ್ಷ ಬೀಗ ಹಾಕಿಟ್ಟ ಫ್ಲ್ಯಾಟನ್ನು ಕೊಂಡವರಿಗೆ ಉಳಿಯುವುದು ಆರು ತಿಂಗಳು ಮಾತ್ರ. ಜನ ವಾಸಿಸದ ಮನೆಯಲ್ಲಿ ಸ್ನಾನದ ಕೋಣೆಯ ಸೋರಿಕೆ ಯಾರಿಗೂ ಕಾಣುವುದಿಲ್ಲ. ಹೊಸಬರು ಬಂದು ನಲ್ಲಿ ತಿರುಗಿಸಿದ ಮೇಲೆಯೇ ಕೆಳಗಿನ ಮನೆಯ ಚಾವಣಿ ಒದ್ದೆಯಾಗುತ್ತದೆ. ಮೊದಲ ಸ್ವಾಧೀನದ ದಿನಾಂಕ ಯಾವುದೆಂದು ಕೇಳಬೇಕೆಂಬುದೇ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಫ್ಲ್ಯಾಟು ಮಾರಿದ ವ್ಯಕ್ತಿ ಬಿಲ್ಡರ್ ಅಲ್ಲದ ಕಾರಣ ಅವರ ಮೇಲೆ ಈ ಕಲಮಿನಡಿ ದೂರು ಕೊಡುವಂತೆಯೂ ಇಲ್ಲ.

ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಪ್ರಾಧಿಕಾರ ಕೊಡುವ ಸ್ವಾಧೀನಾನುಭವ ಪತ್ರದ (ಒ.ಸಿ.) ಕಥೆಯೂ ಹೀಗೆಯೇ. ಅದನ್ನು ನೋಡದೆ ಬ್ಯಾಂಕುಗಳು ಸಾಲ ಕೊಡಬಾರದು, ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನೂ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಪತ್ರವಿಲ್ಲದ ಫ್ಲ್ಯಾಟನ್ನು ಇಂದು ಕೊಂಡವರಿಗೆ ನಾಳೆ ಮಾರಬೇಕಾಗಿ ಬಂದರೆ, ಸಾಲ ಪಡೆದು ಕೊಳ್ಳುವ ಗಿರಾಕಿ ಸಿಗುವುದು ಕಷ್ಟ.

2025ರ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿದೆ. 80 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ಶೇ 5ರ ಮುದ್ರಾಂಕ ಶುಲ್ಕವೂ ಸೇರಿ 5.6 ಲಕ್ಷ ರೂಪಾಯಿ, ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ಒಂದೇ ಫ್ಲ್ಯಾಟು ಕೈ ಬದಲಿಸಿದಾಗಲೆಲ್ಲ ಸರ್ಕಾರಕ್ಕೆ ಇಷ್ಟು ಸಂದಾಯವಾಗುತ್ತದೆ. ಇಷ್ಟು ಕಟ್ಟುವ ಕುಟುಂಬಕ್ಕೆ ತಾನು ಕೊಳ್ಳುತ್ತಿರುವುದು ಏನು ಎಂದು ತಿಳಿಯುವ ಹಕ್ಕಿಲ್ಲವೇ?

ಹಾಗಾಗಿ ನೋಂದಣಿ ಇಲಾಖೆಗೆ ನನ್ನ ಒತ್ತಾಯ ಇಷ್ಟೇ: ಸಮುಚ್ಚಯ ಅಥವಾ ಬಡಾವಣೆ ಪೂರ್ಣಗೊಂಡ ಮೊದಲ ಹತ್ತು ವರ್ಷಗಳಲ್ಲಿ ನಡೆಯುವ ಪ್ರತಿ ಮರುಮಾರಾಟದ ಕ್ರಯಪತ್ರಕ್ಕೂ ಮಾರುವವರು ಸಹಿ ಹಾಕಿದ ಒಂದು ಘೋಷಣಾ ಪತ್ರ ಲಗತ್ತಾಗಬೇಕು. ಸ್ವಾಧೀನಾನುಭವ ಪತ್ರದ ಪ್ರತಿ, ಮೊದಲು ಸ್ವಾಧೀನ ಕೊಟ್ಟ ದಿನಾಂಕ, ನೀರಿನ ಮೂಲ, ಸಂಘದ ಬೇಬಾಕಿ ಪತ್ರ, ಸಾಮಾನ್ಯ ಜಾಗಗಳು ಸಂಘದ ಹೆಸರಿಗೆ ವರ್ಗವಾಗಿವೆಯೇ ಎಂಬ ವಿವರ ಅದರಲ್ಲಿರಲಿ. ಬಡಾವಣೆಯಾದರೆ ಉದ್ಯಾನ, ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ದಾಖಲೆಯೂ ಬೇಕು. ಸುಳ್ಳು ಬರೆದರೆ ಕೊಂಡವರಿಗೆ ಪರಿಹಾರ ಕೇಳಲು ಅದೇ ದಾಖಲೆ ಆಧಾರವಾಗುತ್ತದೆ. 2024ರಲ್ಲಿ ಇ-ಖಾತಾ ಕಡ್ಡಾಯಗೊಳಿಸಿದ ಇಲಾಖೆಗೆ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದಲ್ಲಿ ಇನ್ನೊಂದು ಪುಟ ಸೇರಿಸುವುದು ಅಸಾಧ್ಯದ ಕೆಲಸವೇನಲ್ಲ. ಇ-ಖಾತಾ ಆಸ್ತಿ ಯಾರದು, ಅಳತೆ ಎಷ್ಟು ಎಂದು ತಿಳಿಸುತ್ತದೆ. ನಲ್ಲಿಯಲ್ಲಿ ಬರುವುದು ಯಾವ ನೀರು ಎಂದು ತಿಳಿಸುವುದಿಲ್ಲ.

ಅಲ್ಲಿಯವರೆಗೆ ಕೊಳ್ಳುವವರು ಮುಂಗಡ ಕೊಡುವ ಮೊದಲೇ ನಿವಾಸಿಗಳ ಸಂಘದ ಕಚೇರಿಗೆ ಹೋಗಿ ವಿಚಾರಿಸಬೇಕು. ಸಂಘಗಳೂ ಮಾರುವವರ ಮುಲಾಜಿಗೆ ಬೀಳದೆ, ಬಾಕಿ ಮತ್ತು ನೀರಿನ ಸ್ಥಿತಿಯನ್ನು ಕೇಳಿದವರಿಗೆ ಬರವಣಿಗೆಯಲ್ಲೇ ಕೊಡಬೇಕೆಂದು ವಿನಂತಿಸುತ್ತೇನೆ.

— ನಿವಾಸಿಗಳ ಸಂಘವೊಂದರ ಖಜಾಂಚಿ, ಸರ್ಜಾಪುರ ರಸ್ತೆ, ಬೆಂಗಳೂರು