ಉದ್ಯೋಗ ಮೇಳ: ಯಶಸ್ಸು ಯಾರಿಗೆ?

ಮಾನ್ಯ ಸಂಪಾದಕರೇ,

ಭಾನುವಾರದ ಉದ್ಯೋಗ ಮೇಳ ನಿರೀಕ್ಷೆ ಮೀರಿ ಯಶಸ್ವಿಯಾಯಿತೆಂದು ತಮ್ಮ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾದ ವರದಿಯನ್ನು ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಚಿತ್ರದಲ್ಲಿ ಗಣ್ಯರು ದೀಪ ಬೆಳಗುತ್ತಿದ್ದಾರೆ. ದೀಪ ಬೆಳಗಿದ ನಂತರ ಮೈದಾನದಲ್ಲಿ ಏನು ನಡೆಯಿತೆಂಬುದು ವರದಿಯಲ್ಲಿಲ್ಲ. ಗಣ್ಯರ ಹಿಂದೆಯೇ ವರದಿಗಾರರೂ ಊಟಕ್ಕೆ ಹೊರಟಿರಬೇಕು.

ನಾನು ಜನರಲ್ ಡ್ಯೂಟಿ ಅಸಿಸ್ಟೆಂಟ್, ಎಂದರೆ ನರ್ಸಿಂಗ್ ಸಹಾಯಕಿಯ ತರಬೇತಿ ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸ್ಕಿಲ್ ಇಂಡಿಯಾ ಮುದ್ರೆಯ ಪ್ರಮಾಣಪತ್ರ ಪಡೆದು ಮೊದಲ ಕೆಲಸ ಹುಡುಕುತ್ತಿರುವವಳು. ಹಾಸಿಗೆ ಹಿಡಿದ ರೋಗಿಗೆ ಸ್ಪಂಜ್ ಬಾತ್ ಮಾಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು, ಬಿ.ಪಿ., ನಾಡಿ, ಜ್ವರ ನೋಡಿ ಬರೆದಿಡುವುದು, ರಕ್ತ ತಾಗಿದ ಹತ್ತಿಯನ್ನು ಹಳದಿ ಬುಟ್ಟಿಗೂ ಡ್ರಿಪ್ ಕೊಳವೆಯನ್ನು ಕೆಂಪು ಬುಟ್ಟಿಗೂ ಬೇರೆ ಬೇರೆಯಾಗಿ ಹಾಕುವುದು, ಇವೆಲ್ಲವನ್ನೂ ಸರ್ಕಾರದ ಖರ್ಚಿನಲ್ಲೇ ಕಲಿಸಲಾಗಿದೆ. ಕಲಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ಕಲಿತವರನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆಂಬುದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಬನ್ನಿರೆಂದಿದ್ದರಿಂದ ನಸುಕಿನಲ್ಲೇ ಎದ್ದು ಹೊರಟೆವು. ಶಕ್ತಿ ಯೋಜನೆಯ ದಯೆಯಿಂದ ಬಸ್ಸಿಗೆ ಹಣವಿಲ್ಲ, ನಿಲ್ಲಲು ಜಾಗವೂ ಇಲ್ಲ. ಮೈದಾನದ ಬಾಗಿಲಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೆಸರು ನೋಂದಾಯಿಸಬೇಕೆಂದರು. ಒಟಿಪಿ ಬರಲಿಲ್ಲ, ಸರ್ವರ್ ಡೌನ್ ಎಂದರು. ರಾಜ್ಯ ಸರ್ಕಾರದ ಕೌಶಲ ತರಬೇತಿಯ ಜಾಲತಾಣವಾದ ಕೌಶಲ್ಕರ್ ಪೋರ್ಟಲ್‌ನಲ್ಲಿ ಈ ಮೊದಲೇ ತುಂಬಿದ್ದ ಅದೇ ವಿವರಗಳನ್ನು ಕಾಗದದ ಮೇಲೆ ಮತ್ತೆ ಬರೆಸಿಕೊಂಡರು. ಪ್ರತಿ ಮಳಿಗೆಗೂ ಒಂದೊಂದು ಬಯೋಡೇಟಾ, ಅಂಕಪಟ್ಟಿಯ ಪ್ರತಿ ಹಾಗೂ ಫೋಟೊ ಬೇಕಂತೆ. ಮೈದಾನದ ಎದುರಿನ ಜೆರಾಕ್ಸ್ ಅಂಗಡಿಯವರು ಅಂದಿನ ಮಟ್ಟಿಗೆ ದರವನ್ನು ಏರಿಸಿದ್ದರು. ಈ ಮೇಳದಿಂದ ನಿಜವಾಗಿ ಸಂಪಾದನೆಯಾದದ್ದು ಅವರೊಬ್ಬರಿಗೇ ಇರಬೇಕು. ಶಾಮಿಯಾನವಿದ್ದದ್ದು ವೇದಿಕೆಯ ಮೇಲೆ ಮಾತ್ರ. ಹೆಣ್ಣುಮಕ್ಕಳೇ ಹೆಚ್ಚಾಗಿ ಬಂದಿದ್ದರೂ ಶೌಚಾಲಯಕ್ಕೆ ಬೀಗ ಹಾಕಿದ್ದರು, ಬೀಗದ ಕೈ ಯಾರ ಬಳಿಯಿದೆಯೆಂದು ಯಾರಿಗೂ ತಿಳಿದಿರಲಿಲ್ಲ.

ಮಳಿಗೆಗಳ ಕಥೆ ಇನ್ನೂ ಸೊಗಸಾಗಿದೆ. ಮೊದಲ ಆಸ್ಪತ್ರೆಯವರು ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿದರು. ಆ ನೋಂದಣಿ ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಓದಿದವರಿಗೆ ಸಿಗುತ್ತದೆಯೇ ಹೊರತು ನಮ್ಮ ಕೋರ್ಸಿನವರಿಗಲ್ಲ ಎಂದು ನಾನೇ ಅವರಿಗೆ ತಿಳಿಸಬೇಕಾಯಿತು. ಎರಡನೆಯವರು ಪ್ರಮಾಣಪತ್ರವನ್ನು ತಿರುವಿ ನೋಡಿ ಎರಡು ವರ್ಷದ ಅನುಭವ ಕೇಳಿದರು. ತರಬೇತಿಯ ಕಾಲದಲ್ಲಿ ವಾರ್ಡಿನಲ್ಲಿ ಮಾಡಿದ ಕೆಲಸ ಅನುಭವವಲ್ಲವಂತೆ. ಹಾಗಿದ್ದರೆ ಮೊದಲ ಅನುಭವ ಎಲ್ಲಿ ದೊರೆಯುತ್ತದೆ ಎಂದಾಗ ಮುಂದಿನವರನ್ನು ಕರೆದರು. ಮೂರನೆಯದು ಮನೆಗಳಿಗೆ ಆರೈಕೆಯವರನ್ನು ಕಳುಹಿಸುವ ಏಜೆನ್ಸಿ. ಬೆಂಗಳೂರಿನಲ್ಲಿ ರೋಗಿಯ ಮನೆಯಲ್ಲೇ ಹಗಲಿರುಳೂ ಇರಬೇಕು, ರಜೆಯ ವಿಷಯ ಆಮೇಲೆ ನೋಡೋಣ, ಸದ್ಯಕ್ಕೆ ಮೂಲ ಪ್ರಮಾಣಪತ್ರಗಳನ್ನು ಒಪ್ಪಿಸಿ ಠೇವಣಿ ಕಟ್ಟಿ ಎಂದರು. ಸರ್ಕಾರಿ ಬ್ಯಾನರಿನ ಕೆಳಗೇ ಕುಳಿತು ಕೆಲಸ ಕೇಳಲು ಬಂದವರಿಂದ ಹಣ ಕೇಳುವವರನ್ನು ಮೇಳಕ್ಕೆ ಕರೆದವರು ಯಾರು? ಕೊನೆಯದಾಗಿ ಹೊರಗುತ್ತಿಗೆಯ ಗುತ್ತಿಗೆದಾರರೊಬ್ಬರು ವಾರ್ಡ್ ಗುಡಿಸಿ ಒರೆಸುವ ಕೆಲಸವಿದೆ, ಅದಕ್ಕೆ ಈ ಸರ್ಟಿಫಿಕೇಟ್ ಬೇಡವೇ ಬೇಡ ಎಂದು ನಕ್ಕರು. ಗುಡಿಸುವ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದಕ್ಕಾಗಿ ತಿಂಗಳುಗಟ್ಟಲೆ ನಾಡಿ ನೋಡುವುದನ್ನು ಕಲಿಸುವ ಅಗತ್ಯವೇನಿತ್ತು ಎಂದು ಕೇಳುತ್ತಿದ್ದೇನೆ. ಸಂಜೆ ನಮ್ಮೆಲ್ಲರ ಬಯೋಡೇಟಾಗಳು ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಜಾತ್ರೆ ಮುಗಿದ ಮೇಲಿನ ಬಾಳೆಲೆಗಳಂತೆ ಬಿದ್ದಿದ್ದವು.

ಇದು ಹೊಸ ಸಂಗತಿಯೂ ಅಲ್ಲ. ಕೋವಿಡ್ ಕಾಲದಲ್ಲಿ, 2021ರ ಜೂನ್ 18ರಂದು, ಒಂದು ಲಕ್ಷ ಮಂದಿಯನ್ನು ಕೋವಿಡ್ ಯೋಧರನ್ನಾಗಿ ತಯಾರು ಮಾಡುವ ತರಬೇತಿಗೆ ಪ್ರಧಾನಿಯವರೇ ಚಾಲನೆ ನೀಡಿದ್ದರು. ಅದರಲ್ಲಿ ಕಲಿತ ನಮ್ಮ ಬೀದಿಯ ಅಕ್ಕ ಇಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಾರೆ. ನಿರುದ್ಯೋಗಿಗಳಿಗೆ ಸರ್ಕಾರ ತಿಂಗಳಿಗಿಷ್ಟೆಂದು ಕೊಡುವ ಯುವನಿಧಿಯಾದರೂ ಸಿಗುವುದೇ ಎಂದು ವಿಚಾರಿಸಿದರೆ, ಅದು ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ, ನಮ್ಮಂಥ ಪ್ರಮಾಣಪತ್ರದವರು ಲೆಕ್ಕಕ್ಕಿಲ್ಲ. ಉದ್ಯೋಗ ವಿನಿಮಯ ಕಚೇರಿಯ ಕಾರ್ಡನ್ನು ನನ್ನ ಅಣ್ಣ ವರ್ಷಗಳ ಕಾಲ ನವೀಕರಿಸುತ್ತಲೇ ಇದ್ದ, ಒಂದೇ ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಇಷ್ಟೊಂದು ಮೀಟಿಂಗ್ ನಡೆಸುವವರು ಒಂದು ಮೀಟಿಂಗಿನಲ್ಲಾದರೂ ನಮ್ಮ ವಿಷಯ ಮಾತನಾಡಿರಬಾರದೇ?

ಒಂದು ಇಲಾಖೆ ತರಬೇತಿ ಕೊಡುತ್ತದೆ, ಇನ್ನೊಂದು ಇಲಾಖೆ ತನ್ನ ಆಸ್ಪತ್ರೆಗಳ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಖಾಸಗಿ ಆಸ್ಪತ್ರೆಗಳು ತರಬೇತಿಯೇ ಇಲ್ಲದವರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಂಡು ಅವರಿಂದಲೇ ರೋಗಿಯ ಮೂಗಿನ ನಳಿಕೆಗೆ ಆಹಾರ ಹಾಕಿಸುತ್ತವೆ. ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತು ನಮ್ಮ ಪ್ರಮಾಣಪತ್ರಕ್ಕೆ ಬೆಲೆ ಬರುವಂತೆ ಮಾಡಲಿ, ಇಲ್ಲವಾದರೆ ಈ ತರಬೇತಿಗಳನ್ನೂ ಮೇಳಗಳನ್ನೂ ಒಟ್ಟಿಗೆ ನಿಲ್ಲಿಸಿಬಿಡಲಿ. ಠೇವಣಿ ಕೇಳಿದ ಏಜೆನ್ಸಿಯ ಮೇಲೆ ಕ್ರಮವಾಗಬೇಕು, ಶೌಚಾಲಯದ ಬೀಗವನ್ನೂ ತೆಗೆಸಬೇಕು. ಇಷ್ಟನ್ನೂ ಪತ್ರಿಕೆಗೆ ಬರೆದೇ ಹೇಳಬೇಕಾಗಿರುವುದು ಸಂಬಳ ಎಣಿಸಿಕೊಳ್ಳುವ ಅಧಿಕಾರಿಗಳಿಗೆ ನಾಚಿಕೆಗೇಡು.

— ನೊಂದ ಅಭ್ಯರ್ಥಿ, ಹರಿಹರ