ನಮ್ಮ ತಂದೆಯ ಲ್ಯಾಂಬ್ರೆಟ್ಟಾ ಗುಜರಿಯಲ್ಲ, ಬಜಾಜೂ ಅಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ‘ಗುಜರಿ ವಾಹನ ತೆರವು’ ವರದಿ ನಿನ್ನೆಯ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಲಾರಿಯಲ್ಲಿ ಅಡ್ಡಡ್ಡ ಮಲಗಿಸಿರುವ ತಿಳಿಹಸಿರು ಸ್ಕೂಟರ್ ನಮ್ಮದು. ಅದರ ಕೆಳಗೆ ‘ತುಕ್ಕು ಹಿಡಿದ ಬಜಾಜ್ ಸ್ಕೂಟರ್’ ಎಂದು ಹಾಕಿದ್ದೀರಿ. ಅದಕ್ಕೆ ತುಕ್ಕೂ ಹಿಡಿದಿಲ್ಲ, ಅದು ಬಜಾಜೂ ಅಲ್ಲ. 1967ರಲ್ಲಿ ನಮ್ಮ ತಂದೆ ವರ್ಷಗಟ್ಟಲೆ ಸರದಿ ಕಾದು ಕೊಂಡ ಲ್ಯಾಂಬ್ರೆಟ್ಟಾ ಎಲ್‌ಐ 150 ಅದು. ಮೈಸೂರು ರಾಜ್ಯದ ಕಾಲದ ಎಂವೈ ನಂಬರು. ಆರ್‌ಸಿ ಇದೆ, ಇನ್ಶೂರೆನ್ಸ್ ಇದೆ, ಹೋದ ತಿಂಗಳು ಅದರಲ್ಲೇ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದಿದ್ದೇನೆ.

ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೇವೆಂದು ಎರಡು ದಿನ ಗೇಟಿನ ಹೊರಗೆ ನಿಲ್ಲಿಸಿ, ಮೇಲೆ ಹಳೇ ಸೀರೆ ಹೊದಿಸಿದ್ದೆ. ಸೀರೆಯನ್ನು ರಸ್ತೆಗೆ ಬಿಸಾಡಿ ಗಾಡಿ ಹೊತ್ತುಕೊಂಡು ಹೋಗಿದ್ದಾರೆ. ಬಾಗಿಲು ತಟ್ಟಿ ಒಂದು ಮಾತು ಕೇಳಬಾರದಿತ್ತೇ? ಅದೇ ಗೇಟಿನ ಮುಂದೆ ಚರಂಡಿಯ ಚಪ್ಪಡಿ ಮುರಿದು ಬಿದ್ದಿದೆ, ಯುಗಾದಿಯಿಂದ ಅರ್ಜಿ ಕೊಡುತ್ತಿದ್ದೇನೆ, ಆಳಿಲ್ಲ ಎನ್ನುತ್ತಾರೆ. ಸ್ಕೂಟರ್ ಎತ್ತಲು ಆರು ಆಳು ಬಂದಿದ್ದರು.

ಎತ್ತಿದವರಿಗೂ ಬರೆದವರಿಗೂ ತಿಳಿಯಲಿ ಎಂದು ಹೇಳುತ್ತೇನೆ. ಲ್ಯಾಂಬ್ರೆಟ್ಟಾ ಹುಟ್ಟಿದ್ದು ಇಟಲಿಯ ಮಿಲಾನ್ ನಗರದ ಲ್ಯಾಂಬ್ರಾಟೆ ಎಂಬಲ್ಲಿ, ಲ್ಯಾಂಬ್ರೊ ನದಿಯ ಪಕ್ಕ. ಹೆಸರು ಬಂದಿರುವುದು ಅಲ್ಲಿಂದಲೇ. ಫರ್ಡಿನಾಂಡೊ ಇನ್ನೊಚೆಂಟಿ ಎಂಬಾತ ಉಕ್ಕಿನ ಪೈಪಿನ ವ್ಯಾಪಾರದಿಂದ ಮೇಲೆ ಬಂದವನು. ಕಟ್ಟಡ ಕಟ್ಟುವಾಗ ಸಾರುವೆಗೆ ಬಳಸುವ ಪೈಪಿಗೆ ಇಟಲಿಯವರು ಈಗಲೂ ಅವನ ಹೆಸರನ್ನೇ ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅವನ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಯಿತು. ಅದನ್ನು ಮತ್ತೆ ಎಬ್ಬಿಸಿ 1947ರಲ್ಲಿ ಸ್ಕೂಟರ್ ಮಾಡಲು ಶುರುಮಾಡಿದ. ಹಿಂದಿನ ವರ್ಷವಷ್ಟೇ ಪಿಯಾಜಿಯೊ ಕಂಪನಿಯ ವೆಸ್ಪಾ ಬಂದಿತ್ತು. ವೆಸ್ಪಾದ ಮೈ ತಗಡನ್ನೇ ಒತ್ತಿ ಮಾಡಿದ್ದು. ಪೈಪಿನವನ ಲ್ಯಾಂಬ್ರೆಟ್ಟಾಗೆ ಬೆನ್ನೆಲುಬು ಪೈಪು. 1951ರಲ್ಲಿ ರೊಮೊಲೊ ಫೆರಿ ಎಂಬ ಸವಾರ 125 ಸಿಸಿಯ ಲ್ಯಾಂಬ್ರೆಟ್ಟಾಗೆ ಗಾಳಿ ಸೀಳುವ ಕವಚ ತೊಡಿಸಿ ಗಂಟೆಗೆ 201 ಕಿ.ಮೀ. ಓಡಿಸಿದ. ಅದೇ ವರ್ಷ 250 ಸಿಸಿಯ ಮೋಟರ್‌ಸೈಕಲ್ ಒಂದನ್ನೂ ಮಾಡಿ ಮಿಲಾನಿನಲ್ಲಿ ತೋರಿಸಿದರು, ಮಾರಾಟಕ್ಕೆ ಬಿಡಲೇ ಇಲ್ಲ. ಸ್ಕೂಟರಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿ ಮಾರಿದ ಮೊದಲಿಗರೂ ಇವರೇ, 1962ರಲ್ಲಿ.

ನಮ್ಮ ದೇಶದಲ್ಲಿ ಇದನ್ನು ಜೋಡಿಸಿ ಮಾರುತ್ತಿದ್ದುದು ಮುಂಬೈನ ಎಪಿಐ, ಅಂದರೆ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ. ಬಜಾಜ್ ಬೇರೆಯೇ ಮನೆತನ, ವೆಸ್ಪಾ ಕಡೆಯದು. ಬಜಾಜ್ ಸ್ಕೂಟರನ್ನು ಒದೆಯುವ ಮುಂಚೆ ಒಂದು ಪಕ್ಕಕ್ಕೆ ವಾಲಿಸುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಅದರ ಎಂಜಿನ್ ಬಲಗಡೆಗೆ. ನಮ್ಮದರ ಎಂಜಿನ್ ಸೀಟಿನ ಕೆಳಗೆ ನಟ್ಟನಡುವೆ. ನಮ್ಮ ತಂದೆ ಒಂದು ದಿನವೂ ಅದನ್ನು ವಾಲಿಸಿದ್ದು ನಾನು ಕಂಡಿಲ್ಲ. ಮುಂದಿನ ಶೀಲ್ಡಿನ ಮೇಲೆ ಲೋಹದ ಅಕ್ಷರಗಳಲ್ಲಿ ಹೆಸರೇ ಇದೆ. ಪ್ರತಿ ಆಯುಧಪೂಜೆಗೆ ಆ ಅಕ್ಷರಗಳನ್ನು ಒಂದೊಂದಾಗಿ ಒರೆಸಿ ಕುಂಕುಮ ಇಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಓದಲು ಬರುವವರು ಒಬ್ಬರೂ ಆ ಲಾರಿಯಲ್ಲಿ ಇರಲಿಲ್ಲವೇ?

ಯಾರ್ಡಿಗೆ ಮೂರು ಸಲ ಅಲೆದಿದ್ದೇನೆ. ಮೊದಲ ದಿನ ಊಟದ ಹೊತ್ತು, ಎರಡನೇ ದಿನ ಸರ್ವರ್ ಡೌನ್. ಮೂರನೇ ದಿನ ಅಲ್ಲಿದ್ದವನು, “ಅಮ್ಮಾ, ನಮ್ಮ ಚೀಟೀಲಿ ಬಜಾಜ್ ಅಂತಿದೆ, ನಿಮ್ಮ ಆರ್‌ಸೀಲಿ ಬೇರೆ ಏನೋ ಇದೆ, ಗಾಡಿ ಹೆಂಗ್ ಕೊಡೋದು?” ಎಂದ. ಅರವತ್ತೆರಡು ವರ್ಷದ ನಾನು ಆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಮಣ್ಣು ಒರೆಸಿ, ಚಾಸಿ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದೆ. ಒಂದೊಂದೇ ಅಂಕಿ ಮೂಡಿತು. ಆರ್‌ಸಿಗೆ ತಾಳೆಯೂ ಆಯಿತು. “ನಂಬರ್ ಸರಿ, ಆದ್ರೆ ಹೆಸರು ಸರಿಯಿಲ್ಲ, ಸಾಹೇಬರು ಬರಲಿ” ಎಂದ. ಚೀಟಿಯಲ್ಲಿ ತಪ್ಪು ಬರೆದವರು ಅವರು, ಬಿಸಿಲಲ್ಲಿ ನಿಂತವಳು ನಾನು. ಅಷ್ಟರಲ್ಲಿ ಎಡಗಡೆಯ ಸೈಡ್ ಪ್ಯಾನೆಲ್ ನಗ್ಗಿಹೋಗಿದೆ, ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಖಾಲಿ. ಆಟೊಗೆ ಕೊಟ್ಟ ದುಡ್ಡಿನ ಲೆಕ್ಕ ಬರೆಯುವುದಿಲ್ಲ.

ಇದು ಇಂದಿನ ಕಥೆಯಲ್ಲ. 50 ವರ್ಷ ದಾಟಿದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲೇ ನಿಯಮ ಮಾಡಿದೆ. 20 ಸಾವಿರ ಶುಲ್ಕ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರ. ಮಾಡಿಸೋಣವೆಂದು ಹೋದ ವರ್ಷ ವಿಚಾರಿಸಲು ಹೋದರೆ ಕೌಂಟರಿನಲ್ಲಿದ್ದಾತ ನಿಯಮದ ಹೆಸರನ್ನೇ ಕೇಳಿರಲಿಲ್ಲ. ಕೊನೆಗೆ, ಗಾಡಿ ಮಾಡಿದ ಕಂಪನಿಯಿಂದ ಪತ್ರ ತನ್ನಿ ಎಂದರು. ಯಾರಿಂದ ತರಲಿ? ಇನ್ನೊಚೆಂಟಿ ತೀರಿಕೊಂಡದ್ದು 1966ರಲ್ಲಿ. ಮಿಲಾನಿನಲ್ಲಿ ಲ್ಯಾಂಬ್ರೆಟ್ಟಾ ನಿಂತದ್ದು 1971ರಲ್ಲಿ. ಯಂತ್ರಗಳನ್ನು ನಮ್ಮ ಸರ್ಕಾರವೇ ಕೊಂಡು ಲಖನೌಗೆ ತಂದು ಸ್ಕೂಟರ್ಸ್ ಇಂಡಿಯಾ ಕಟ್ಟಿತು, ವಿಜಯ್ ಸೂಪರ್ ಬಂದದ್ದು ಅಲ್ಲಿಂದಲೇ. ಅದನ್ನೂ ಮುಚ್ಚಲು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹುಟ್ಟಿಸಿದವರೂ ಇಲ್ಲ, ಸಾಕಿದವರೂ ಇಲ್ಲ. ಈ ಗಾಡಿ ಒಮ್ಮೆ ಗುಜರಿಯವನ ಸುತ್ತಿಗೆಗೆ ಸಿಕ್ಕರೆ ಇನ್ನೊಂದನ್ನು ಮಾಡಿಕೊಡುವವರು ಎಲ್ಲೂ ಇಲ್ಲ. ಇಷ್ಟನ್ನು ಆ ಕೌಂಟರಿನಲ್ಲಿ ನಿಂತು ಹೇಳಿದೆ. ಹಿಂದಿನವರು ಬನ್ನಿ ಎಂದರು.

ನಮ್ಮ ತಂದೆಯ ಪಿಂಚಣಿ ಕಾಗದಕ್ಕೂ ಹೀಗೆಯೇ ಹನ್ನೊಂದು ತಿಂಗಳು ಅಲೆಸಿದ್ದರು, ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ಎಂದು. ಆಗಲೂ ತಪ್ಪು ಬರೆದವರು ಅವರೇ. ಬೀದಿದೀಪದ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಅದು ಕೆಟ್ಟು ಎರಡು ದೀಪಾವಳಿ ಆಯಿತು.

ಸಂಬಂಧಪಟ್ಟವರು ಕೂಡಲೇ ನನ್ನ ಸ್ಕೂಟರನ್ನು ಹೇಗಿತ್ತೋ ಹಾಗೆ ಮನೆಗೆ ತಂದು ನಿಲ್ಲಿಸಬೇಕು, ನಗ್ಗಿದ ಪ್ಯಾನೆಲ್ ಸರಿಮಾಡಿಸಬೇಕು. ಎತ್ತುವ ಕೆಲಸಕ್ಕೆ ಗಾಡಿಯ ಮೇಲಿನ ಹೆಸರು ಓದಬಲ್ಲವರನ್ನು ಕಳಿಸಬೇಕು, ಇಲ್ಲವೇ ಇಂಥ ಕೆಲಸವನ್ನೇ ನಿಲ್ಲಿಸಬೇಕು. ತಾವೂ ದಯವಿಟ್ಟು ಫೋಟೊದ ಅಡಿಬರಹ ತಿದ್ದಿ ಪ್ರಕಟಿಸಬೇಕು. ಆರು ಆಳು ಇದ್ದಾರೆಂಬುದು ಈಗ ಇಡೀ ಬೀದಿಗೆ ಗೊತ್ತಾಗಿದೆ. ನಾಳೆ ಬೆಳಿಗ್ಗೆಯೇ ಬಂದು ಆ ಚಪ್ಪಡಿ ಎತ್ತಲಿ.

— ಹಳೆಯ ಓದುಗಳು, ನಾಲ್ಕನೇ ಅಡ್ಡರಸ್ತೆ