944 ಮತ್ತೆ ಓಡಿತು, ಇದರ ಹಿಂದಿದ್ದವರಿಗೆಲ್ಲ ಥ್ಯಾಂಕ್ಸ್

ನನ್ನ 1988ರ ಪೋರ್ಷೆ 944 ಮತ್ತೆ ರಸ್ತೆಗೆ ಇಳಿದಿದೆ. ಕಾರು ರಸ್ತೆಗೆ ಯೋಗ್ಯವೇ ಅಂತ ಜರ್ಮನಿಯಲ್ಲಿ ಮಾಡುವ ಟ್ಯೂಫ್ ತಪಾಸಣೆ ಪಾಸಾಯಿತು. ನಂಬರ್ ಪ್ಲೇಟಿನ ಕೊನೆಗೆ ಹಳೇ ಕಾರುಗಳಿಗೆ ಕೊಡುವ ‘ಎಚ್’ ಅಕ್ಷರವೂ ಸೇರಿತು. ಹೋದ ಭಾನುವಾರ ನ್ಯೂರ್ಬರ್ಗ್‌ರಿಂಗ್‌ನ ನೋರ್ಡ್‌ಷ್ಲೈಫೆ ರೇಸ್ ಟ್ರ್ಯಾಕಿನಲ್ಲಿ ಒಂದು ಪೂರ್ತಿ ಸುತ್ತು ಹಾಕಿಕೊಂಡು ಬಂದೆವು. ಫೋಟೋ ನೋಡಿದವರೆಲ್ಲ ನನಗೆ ಶಭಾಷ್ ಹೇಳುತ್ತಿದ್ದೀರಿ. ಖುಷಿಯಾಯಿತು, ಆದರೆ ಅದರಲ್ಲಿ ನನ್ನ ಪಾಲು ಕಡಿಮೆ. ಈ ಕಾರಿನ ಯಾವ ಬೋಲ್ಟ್ ಹಿಡಿದರೂ ಅದರ ಹಿಂದೆ ಬೇರೆ ಯಾರದೋ ಕೈ ಇದೆ. ಅವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳೋಣ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಮಧ್ಯೆ ಮಧ್ಯೆ ಗ್ರೀಸ್ ವಾಸನೆಯೂ ಬರುತ್ತೆ. ಸಹಿಸಿಕೊಳ್ಳಿ.

ಊರಿನವರಿಗಾಗಿ ಕಾರಿನ ಪರಿಚಯ ಚುಟುಕಾಗಿ. 944 ತಯಾರಾಗಿದ್ದು 1982ರಿಂದ 1991ರವರೆಗೆ. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ಎರಡರ ನಡುವೆ ಒಂದು ಉದ್ದ ಕೊಳವೆ, ಅದರೊಳಗೆ ಶಾಫ್ಟ್. ಹೀಗಾಗಿ ಭಾರ ಎರಡೂ ಕಡೆ ಹೆಚ್ಚುಕಮ್ಮಿ ಸಮ. ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತೆ. ನಾಲ್ಕೇ ಸಿಲಿಂಡರ್, ಎರಡೂವರೆ ಲೀಟರ್. ಅಷ್ಟು ದೊಡ್ಡ ನಾಲ್ಕು ಸಿಲಿಂಡರಿನ ಇಂಜಿನ್ ಸುಮ್ನೆ ಬಿಟ್ಟರೆ ನಡುಗುತ್ತೆ. ಅದಕ್ಕೇ ಒಳಗೆ ಎರಡು ಬ್ಯಾಲೆನ್ಸ್ ಶಾಫ್ಟ್ ಇಟ್ಟಿದ್ದಾರೆ. ಆ ಉಪಾಯದ ಹಕ್ಕನ್ನು ಮಿತ್ಸುಬಿಷಿಯಿಂದ ಪಡೆದಿದ್ದರು ಅನ್ನುವುದು ನನಗೆ ಇಷ್ಟವಾದ ವಿಷಯ. ಪೋರ್ಷೆಯದೇ ಹಳೇ 911 ಕಾರಿನ ಬೆಲೆ ಕೇಳಿದರೆ ಊರಲ್ಲಿರುವ ಸೈಟು ಮಾರಬೇಕು. 944 ಹಾಗಲ್ಲ, ಕೊಳ್ಳುವುದು ಸುಲಭ. ಸಾಕುವುದು ಮಾತ್ರ ಬೇರೆ ಕಥೆ.

ಕಷ್ಟ ಶುರುವಾದದ್ದು ಹೋಕನ್‌ಹೈಮ್ ಟ್ರ್ಯಾಕ್‌ನಲ್ಲಿ. ರಸ್ತೆಯಲ್ಲಿ ಎಷ್ಟು ಓಡಿಸಿದರೂ ಈ ಇಂಜಿನ್ ಗಟ್ಟಿ. ಟ್ರ್ಯಾಕ್‌ನ ಮಾತು ಬೇರೆ. ಉದ್ದನೆಯ ತಿರುವಿನಲ್ಲಿ ಕಾರು ಜೋರಾಗಿ ಹೋಗುತ್ತಿರುವಾಗ ಇಂಜಿನ್ ತಳದ ಸಂಪ್ ಅನ್ನುವ ಬಟ್ಟಲಿನಲ್ಲಿರುವ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತೆ. ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತೆ. ಆಗ ಮೊದಲು ಹೋಗುವುದು ಎರಡನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕ್ ಅನ್ನುವ ತಿರುಗುವ ದಂಡವನ್ನು ಹಿಡಿಯುವ ಜಾಗದ ಬೇರಿಂಗ್. 944 ಟ್ರ್ಯಾಕ್‌ಗೆ ಒಯ್ಯುವವರು ‘ಎರಡನೇ ಬೇರಿಂಗ್’ ಅಂದರೆ ಸಾಕು, ಮುಖ ಸಣ್ಣ ಮಾಡುತ್ತಾರೆ. ಎಲ್ಲರೂ ಮಾಡುವ ಹಾಗೆ ನಾನೂ ಆಯಿಲನ್ನು ಮೇಲಿನ ಗುರುತಿಗಿಂತ ತುಸು ಜಾಸ್ತಿಯೇ ಹಾಕಿಸಿದ್ದೆ. ಆದರೂ ಆ ಬೇರಿಂಗ್ ಹೋಯಿತು.

ಮೊದಲ ಥ್ಯಾಂಕ್ಸ್ ಅವತ್ತು ಪಕ್ಕದ ಸೀಟಿನಲ್ಲಿದ್ದ ಧಾರವಾಡದ ಗೆಳೆಯನಿಗೆ. ಹೆಲ್ಮೆಟ್ ಒಳಗಿಂದಲೇ ಅವನಿಗೆ ಆ ಟಕಟಕ ಕೇಳಿಸಿತು. ‘ಲೇ, ಸಪ್ಪಳ ಕೇಳಲೇ! ಬಂದ್ ಮಾಡ್ ಮೊದ್ಲ!’ ಅಂತ ಕೂಗಿದ. ತಕ್ಷಣ ಇಂಜಿನ್ ಆಫ್ ಮಾಡಿ ಪಕ್ಕಕ್ಕೆ ಉರುಳಿಸಿದೆ. ಪಿಟ್‌ವರೆಗೆ ಓಡಿಸಿಕೊಂಡು ಹೋಗೋಣ ಅಂದುಕೊಂಡಿದ್ದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತಿತ್ತೋ ಏನೋ. ಆ ಒಂದು ಕೂಗಿಗೆ ಒಂದು ಇಂಜಿನ್ನಿನ ಬೆಲೆ.

ಅದೇ ಸಮಯಕ್ಕೆ ಆಫೀಸಿನಲ್ಲಿ ಜನ ಕಡಿಮೆ ಮಾಡಿದರು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಕೆಟ್ಟು ನಿಂತ ಸ್ಪೋರ್ಟ್ಸ್ ಕಾರು, ಸಂಬಳವಿಲ್ಲದ ಗಂಡ, ಎದುರಿಗೆ ಚಳಿಗಾಲ. ಮಾರಿಬಿಡೋಣ ಅಂತ ಜಾಹೀರಾತು ಬರೆದೂ ಇಟ್ಟಿದ್ದೆ. ಹೆಂಡತಿ ಓದಿ ಹೇಳಿದ್ದಿಷ್ಟೇ: ‘ರೀ, ಈಗ ಮಾರಿದ್ರೆ ಗುಜರಿ ರೇಟು ಬರುತ್ತೆ. ಕೆಲಸ ಇನ್ನೊಂದು ಸಿಗುತ್ತೆ, ಇದೇ ಕಾರು ಮತ್ತೆ ಸಿಗಲ್ಲ.’ ಅವಳಿಗೆ ಕಾರಿನ ಹುಚ್ಚು ಒಂಚೂರೂ ಇಲ್ಲ. ಲೆಕ್ಕ ಚೆನ್ನಾಗಿ ಬರುತ್ತೆ. ಆಮೇಲೆ ಕೆಲಸವೂ ಸಿಕ್ಕಿತು. ನನ್ನ ರೆಸ್ಯೂಮೆಯನ್ನು ಕೇಳದೆಯೇ ನಾಲ್ಕು ಕಡೆ ಕಳಿಸಿದ ಹಳೆಯ ಸಹೋದ್ಯೋಗಿಗೆ ಇಲ್ಲಿಂದಲೇ ಒಂದು ನಮಸ್ಕಾರ.

ನಮ್ಮದು ಹೈಲ್‌ಬ್ರಾನ್ ಕಡೆ, ಸುತ್ತಮುತ್ತ ದ್ರಾಕ್ಷಿ ತೋಟಗಳು. ಕಾರು ನಿಲ್ಲಿಸಲು ಪಕ್ಕದ ಹಳ್ಳಿಯ ರೈತರೊಬ್ಬರು ತಮ್ಮ ಶೆಡ್ಡಿನ ಮೂಲೆ ಬಿಟ್ಟುಕೊಟ್ಟರು. ಬಾಡಿಗೆ ಎಷ್ಟು ಅಂದೆ. ದ್ರಾಕ್ಷಿ ಕೊಯ್ಲಿಗೆ ಬಾ ಅಂದರು. ಆ ಇಳಿಜಾರಿನಲ್ಲಿ ಬುಟ್ಟಿ ಹೊತ್ತು ಹತ್ತಿ ಇಳಿದ ಮೇಲೆ ಗೊತ್ತಾಯಿತು, ದುಡ್ಡು ಕೊಟ್ಟಿದ್ದರೇ ಸೋವಿ ಆಗುತ್ತಿತ್ತು.

ಜರ್ಮನಿಯಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ವರ್ಕ್‌ಶಾಪ್‌ಗಳಿವೆ. ಜಾಗ ಅವರದು, ಕೈ ನಮ್ಮದು. ಅಂಥ ಒಂದು ವರ್ಕ್‌ಶಾಪಿನ ಒಡತಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನಗೆ ಅರ್ಧ ದರಕ್ಕೆ ಲಿಫ್ಟ್ ಕೊಟ್ಟರು. ಏನನ್ನೂ ಬಿಚ್ಚುವ ಮೊದಲು ಆಯಿಲ್ ಫಿಲ್ಟರ್ ಕತ್ತರಿಸಿ ನೋಡು ಅಂದವರೂ ಅವರೇ. ಕತ್ತರಿಸಿ ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿದಾಗ ತಾಮ್ರದ ಬಣ್ಣದ ಚೂರುಗಳು ಮಿನುಗಿದವು. ಬೇರಿಂಗಿನ ಮೇಲ್ಪದರ ಸವೆದು ಒಳಗಿನ ತಾಮ್ರ ಎದ್ದಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಮುಂದಿನ ಥ್ಯಾಂಕ್ಸ್ ಹಾಸನಕ್ಕೆ, ನಮ್ಮಪ್ಪನಿಗೆ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಜೀವನವಿಡೀ ಬಸ್ಸಿನ ಡೀಸೆಲ್ ಇಂಜಿನ್ ಬಿಚ್ಚಿದವರು. ಪೋರ್ಷೆ ಅಂದರೆ ಅವರಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ.

944ರಲ್ಲಿ ರಾಡ್ ಬೇರಿಂಗ್ (ಶೆಲ್ ಅನ್ನುವ ಅರ್ಧಬಳೆಗಳು) ಬದಲಿಸಲು ಇಂಜಿನ್ ಪೂರ್ತಿ ಇಳಿಸಬೇಕಿಲ್ಲ. ಮೇಲಿಂದ ಒಂದು ಅಡ್ಡ ತೊಲೆಗೆ ಇಂಜಿನ್ ನೇತುಹಾಕಿ, ಕೆಳಗಿನ ಕ್ರಾಸ್ ಮೆಂಬರ್ ಅನ್ನುವ ಅಡ್ಡ ಚೌಕಟ್ಟು ಇಳಿಸಿ, ಸಂಪ್ ಬಿಚ್ಚಿದರೆ ಕ್ರ್ಯಾಂಕೂ ಅದರ ಮೇಲೆ ಬೇರಿಂಗ್ ಕೂರುವ ಭಾಗವಾದ ಜರ್ನಲ್ಲೂ ಕಾಣಿಸುತ್ತವೆ. ನಾನು ಕಾರಿನ ಕೆಳಗೆ ನಿಂತು ಫೋನ್ ಮೇಲೆತ್ತಿ ಹಿಡಿದೆ. ಅಪ್ಪ ಹಾಸನದ ಜಗಲಿಯಲ್ಲಿ ಕೂತು ನೋಡಿದರು.

‘ಜರ್ನಲ್ ಮೇಲೆ ಉಗುರು ಎಳಿ. ಎಲ್ಲಾದ್ರೂ ಸಿಕ್ಕಿಕೊಳ್ತಾ?’

‘ಇಲ್ಲಪ್ಪ.’

‘ಸರಿಯಾಗಿ ಎಳಿ. ಅಡ್ಡಕ್ಕೆ ಎಳಿಯೋ.’

‘ಇಲ್ಲ, ನುಣ್ಣಗಿದೆ.’

‘ಹಂಗಾದ್ರೆ ಕ್ರ್ಯಾಂಕ್ ಉಳೀತು. ಆದ್ರೂ ಮೈಕ್ರೋಮೀಟರ್ ಹಾಕ್ದೆ ಶೆಲ್ ಹಾಕಬೇಡ.’

ಹಿಂದಿನಿಂದ ಅಮ್ಮನ ದನಿ: ‘ಊಟ ಆಯ್ತಾ ಅಂತ ಕೇಳ್ರೀ ಮೊದ್ಲು!’

ಮೈಕ್ರೋಮೀಟರ್ ಹಾಕಿದೆ. ಅಳತೆ ಸರಿಯಿತ್ತು. ಹೊಸ ಶೆಲ್ ಕೂರಿಸುವಾಗ ಪ್ಲಾಸ್ಟಿಗೇಜ್ ಅನ್ನುವ ತೆಳ್ಳನೆಯ ಪ್ಲಾಸ್ಟಿಕ್ ದಾರ ಇಟ್ಟು ಬಿಗಿ ಮಾಡಿ, ಮತ್ತೆ ಬಿಚ್ಚಿ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅಂತ ಪಟ್ಟಿಯಲ್ಲಿ ಹೋಲಿಸಬೇಕು. ಅದರಿಂದ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಎಷ್ಟು ಸಂದಿ ಇದೆ ಗೊತ್ತಾಗುತ್ತೆ. ಒಂದೊಂದು ಬೇರಿಂಗಿಗೂ ಅಪ್ಪ ಕಾದು ಕೂತರು. ನಮ್ಮಲ್ಲಿ ಆಗ ಮಧ್ಯರಾತ್ರಿ, ಅವರಿಗೆ ಬೆಳಗಿನ ಕಾಫಿ ಹೊತ್ತು. ನಾನು ಊರು ಬಿಟ್ಟ ಮೇಲೆ ಅಪ್ಪನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು. ಮಾತೆಲ್ಲ ಬೇರಿಂಗಿನದೇ, ಆದರೇನು.

ಕೆಳಗೆ ಬಿಚ್ಚಿದ್ದೇ ಆಯಿತಲ್ಲ ಅಂತ ಉಳಿದ ಕೆಲಸವೂ ಸೇರಿಕೊಂಡಿತು. ಸಂಪ್ ಒಳಗೆ ಆಯಿಲ್ ಪಕ್ಕಕ್ಕೆ ಓಡದಂತೆ ತಡೆ ತಗಡುಗಳು. ಆಯಿಲ್ ಕೂಲರ್‌ನ ಸೀಲುಗಳು ಹೊಸವು. ಅವು ಗಟ್ಟಿಯಾದರೆ ರೇಡಿಯೇಟರ್ ನೀರಿಗೆ ಆಯಿಲ್ ಸೇರಿ ಕಂದು ಗಂಜಿಯಾಗುತ್ತೆ. ಮುಂದಿನ ಚಕ್ರಗಳನ್ನು ಹಿಡಿದಿಡುವ ಅಲ್ಯೂಮಿನಿಯಂ ಆರ್ಮ್‌ಗಳ ಬಾಲ್ ಜಾಯಿಂಟ್ ಕೂಡ ಬದಲಾಯಿಸಿದೆ. ವೇಗದಲ್ಲಿದ್ದಾಗ ಅದು ಮುರಿದರೆ ಚಕ್ರ ಮಡಚಿಕೊಳ್ಳುತ್ತೆ, ಅದರಲ್ಲಿ ಚೌಕಾಸಿ ಇಲ್ಲ.

ಟೈಮಿಂಗ್ ಬೆಲ್ಟ್ ವಿಷಯಕ್ಕೆ ಬಂದಾಗ ನನಗೆ ಪರಿಚಯವೇ ಇಲ್ಲದ ಒಬ್ಬರು ನೆರವಾದರು. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಬೆಲ್ಟ್ ಇದು. ಈ ಇಂಜಿನ್ನಿನಲ್ಲಿ ಅದು ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ, ಅಲ್ಲಿಗೆ ಮುಗಿಯಿತು. ಓಡಿಸಲಿ ಬಿಡಲಿ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಬ್ಯಾಲೆನ್ಸ್ ಶಾಫ್ಟಿಗೆ ಬೇರೆ ಬೆಲ್ಟ್, ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದಲೇ ತಿರುಗುತ್ತೆ, ಹಾಗಾಗಿ ಮೂರೂ ಒಟ್ಟಿಗೇ. ಬಿಗಿ ಜಾಸ್ತಿಯಾದರೆ ಬೆಲ್ಟ್ ಕೊಂಯ್ ಅನ್ನುತ್ತೆ, ಕಡಿಮೆಯಾದರೆ ಹಲ್ಲು ಹಾರುತ್ತೆ. ಅಳೆಯುವ ಉಪಕರಣ ದುಬಾರಿ. ಮ್ಯೂನಿಕ್‌ನ ಆ ಪುಣ್ಯಾತ್ಮರು ನಾನು ಯಾರು ಏನು ಅಂತ ಕೇಳದೆ ತಮ್ಮದನ್ನೇ ಅಂಚೆಯಲ್ಲಿ ಕಳಿಸಿದರು. ಪೆಟ್ಟಿಗೆಯಲ್ಲಿ ಒಂದು ಹೊಸ ಡಿಎಂಇ ರಿಲೇಯನ್ನೂ ಇಟ್ಟಿದ್ದರು. ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ಪುಟ್ಟ ಡಬ್ಬಿ ಅದು. ಒಳಗಿನ ಬೆಸುಗೆ ಬಿರುಕು ಬಿಟ್ಟರೆ ಕಾರು ನಡುರಸ್ತೆಯಲ್ಲಿ ಸದ್ದಿಲ್ಲದೆ ನಿಲ್ಲುತ್ತೆ. 944 ಇರುವವರ ಗ್ಲೋವ್ ಬಾಕ್ಸಿನಲ್ಲಿ ಲೈಸೆನ್ಸ್ ಇಲ್ಲದಿದ್ದರೂ ಒಂದು ರಿಲೇ ಇರುತ್ತೆ.

ಪಕ್ಕದ ಮನೆಯ ಅಜ್ಜನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಪೋರ್ಷೆ ಅಂದರೆ ಸ್ಟುಟ್‌ಗಾರ್ಟ್ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. 944ಗಳನ್ನು ಜೋಡಿಸುತ್ತಿದ್ದುದು ಇಲ್ಲೇ ನಮ್ಮ ಪಕ್ಕದ ನೆಕರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ. ಅಜ್ಜ ಆಗ ಅಲ್ಲೇ ಕೆಲಸದಲ್ಲಿದ್ದರು. ನನ್ನ ಕಾರನ್ನು ಅವರೇ ಮುಟ್ಟಿದ್ದರೋ ಇಲ್ಲವೋ ಹೇಳಲಾಗದು, ಅವರಂತೂ ಮುಟ್ಟಿದ್ದೇನೆ ಅಂತ ತೀರ್ಮಾನಿಸಿಬಿಟ್ಟಿದ್ದಾರೆ. ಕಾರಿನ ಮೈಗೆ ಪೂರ್ತಿ ಸತು ಲೇಪವಿದೆ, ತುಕ್ಕು ಹಿಡಿಯಲ್ಲ ಅಂದೆ. ಮಾತಾಡದೆ ಸ್ಕ್ರೂಡ್ರೈವರ್ ತಂದು ಬಾಗಿಲ ಕೆಳಗಿನ ಸಿಲ್ಲಿಗೆ ಚುಚ್ಚಿದರು. ಸೀದಾ ಒಳಗೆ ಹೋಯಿತು. ಅವರ ತಂಗಿಯ ಮಗ ಬಂದು ವೆಲ್ಡಿಂಗ್ ಮಾಡಿಕೊಟ್ಟ. ಈಗ ನಂಬರ್ ಪ್ಲೇಟಿಗೆ ಅನುಮತಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಇನ್ನು ಈ ಕಾರಿಗೆ ತಾಗದು.

‘ಎಚ್’ ಪ್ಲೇಟಿಗೆ ಕಾರಿಗೆ ಕನಿಷ್ಠ 30 ವರ್ಷ ಆಗಿರಬೇಕು, ಸ್ಥಿತಿ ಚೆನ್ನಾಗಿರಬೇಕು, ಆದಷ್ಟೂ ಮೂಲ ರೂಪದಲ್ಲೇ ಇರಬೇಕು. ಸಿಕ್ಕರೆ ವರ್ಷಕ್ಕೆ 191 ಯೂರೋ ತೆರಿಗೆ, ಅಷ್ಟೇ. ಟ್ರ್ಯಾಕಿಗೆ ಬೇಕೆಂದು ಸಿಕ್ಕಿದ್ದೆಲ್ಲ ಬಿಗಿದುಕೊಂಡರೆ ಈ ಪ್ಲೇಟ್ ಮರೆತುಬಿಡಬೇಕು. ಕೋನಿ ಶಾಕ್ ಅಬ್ಸಾರ್ಬರ್, ಒಳ್ಳೆಯ ಬ್ರೇಕ್ ಪ್ಯಾಡ್, ಹೆಚ್ಚು ಬಿಸಿ ತಡೆಯುವ ಬ್ರೇಕ್ ಫ್ಲೂಯಿಡ್, ಇಷ್ಟರಲ್ಲೇ ನಿಲ್ಲಿಸು ಅಂತ ಕಿವಿಹಿಂಡಿದ ಹಿರಿಯ ಗೆಳೆಯರೊಬ್ಬರಿದ್ದಾರೆ. ಅವರ ಮಾತು ಕೇಳಿದ್ದಕ್ಕೆ ಪರೀಕ್ಷೆ ಸಲೀಸಾಯಿತು.

ಇನ್ನು ನೋರ್ಡ್‌ಷ್ಲೈಫೆ. 1927ರಲ್ಲಿ ಶುರುವಾದ, 20.8 ಕಿಲೋಮೀಟರ್ ಉದ್ದದ ಕಾಡಿನ ಸುತ್ತು. ದುಡ್ಡು ಕೊಟ್ಟು ಯಾರು ಬೇಕಾದರೂ ಓಡಿಸಬಹುದಾದ ದಿನಗಳಲ್ಲಿ ಅದಕ್ಕೆ ರಸ್ತೆ ನಿಯಮವೇ ಅನ್ವಯ. ಓವರ್‌ಟೇಕ್ ಎಡಗಡೆಯಿಂದ ಮಾತ್ರ. ಟೈಮ್ ಹಿಡಿಯುವ ಹಾಗಿಲ್ಲ. ತಡೆಬೇಲಿಗೆ ಗುದ್ದಿದರೆ ಅದರ ಬಿಲ್ಲೂ ನಮ್ಮದೇ. ಅಲ್ಲಿ ನನಗೆ ದಾರಿ ಹೇಳಿಕೊಟ್ಟ ತರಬೇತುದಾರರಿಗೆ ವಿಶೇಷ ಥ್ಯಾಂಕ್ಸ್. ವೇಗದ ಬಗ್ಗೆ ಅವರು ಹೇಳಿದ್ದು ಕಡಿಮೆ, ಕನ್ನಡಿ ನೋಡು ಅಂದಿದ್ದೇ ಜಾಸ್ತಿ. ಹಿಂದಿನಿಂದ ಬರುವವರ ವೇಗ ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ.

ಭಾನುವಾರ ಪಕ್ಕದ ಸೀಟಿನಲ್ಲಿ ಅದೇ ಧಾರವಾಡದವನು. ಫುಕ್ಸ್‌ರೋರೆಯ ಇಳಿಜಾರಿನಲ್ಲಿ ಕಾರು ಸರ್ರನೆ ಇಳಿದು ತಳದಲ್ಲಿ ಕುಕ್ಕರಿಸಿ ಎದ್ದಾಗ ಇಬ್ಬರ ಹೊಟ್ಟೆಯೂ ಬಾಯಿಗೆ ಬಂತು. ಕೆಸೆಲ್ಚೆನ್ ಏರಿನಲ್ಲಿ 160 ಅಶ್ವಶಕ್ತಿ ಏನೇನೂ ಅಲ್ಲ. ಇಂಡಿಕೇಟರ್ ಹಾಕಿ ಬಲಕ್ಕೆ ಸರಿದು ಒಬ್ಬೊಬ್ಬರಿಗೇ ದಾರಿ ಬಿಟ್ಟೆ. ಒಂದು ಫ್ಯಾಮಿಲಿ ವ್ಯಾನ್ ಕೂಡ ದಾಟಿ ಹೋಯಿತು, ಇರಲಿ. ಕರುಸೆಲ್ ಅನ್ನುವ ತಿರುವಿನ ತಗ್ಗಾದ ಕಾಂಕ್ರೀಟ್ ಹಾದಿಯಲ್ಲಿ ಇಡೀ ಕಾರು ಗಡಗಡ ಅಂದಿತು. ನನ್ನ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಆಯಿಲ್ ಪ್ರೆಶರ್ ಮುಳ್ಳಿನ ಮೇಲೆ. ಮುಳ್ಳು ನಾಲ್ಕು ಬಾರ್‌ಗಿಂತ ಕೆಳಗೆ ಇಳಿಯಲಿಲ್ಲ. ‘ಸಪ್ಪಳ ಏನೂ ಇಲ್ಲಲೇ’ ಅಂದ ಗೆಳೆಯ, ತುಸು ನಿರಾಸೆಯಿಂದಲೇ.

ಸಪ್ಪಳ ಪೂರ್ತಿ ಇಲ್ಲ ಅಂತಲ್ಲ. ನಡುವಿನ ಕೊಳವೆಯ ಬೇರಿಂಗ್‌ಗಳು ಈಗ ಗೊರಗೊರ ಶುರು ಮಾಡಿವೆ. ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬರುತ್ತಿದ್ದಾರೆ, ವೀಸಾ ಬಂದಾಯಿತು. ತಾನು ಬರುವ ತನಕ ಅದಕ್ಕೆ ಪಾನಾ ಹಾಕಕೂಡದು ಅಂತ ಅಪ್ಪನ ಆಜ್ಞೆ. ಒಂದು ಶನಿವಾರಕ್ಕೆ ಲಿಫ್ಟ್ ಈಗಲೇ ಬುಕ್ ಮಾಡಿದ್ದೇನೆ. ಪಕ್ಕದ ಮನೆ ಅಜ್ಜನಿಗೂ ಹೇಳಿಯಾಗಿದೆ. ಒಬ್ಬರಿಗೆ ಜರ್ಮನ್ ಬರಲ್ಲ, ಇನ್ನೊಬ್ಬರಿಗೆ ಕನ್ನಡ ಬರಲ್ಲ, ಇಬ್ಬರಿಗೂ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ. ಮೇಲೆ ನೆನೆಸಿಕೊಂಡವರೆಲ್ಲ ಆ ಶನಿವಾರ ಬನ್ನಿ. ಮಧ್ಯಾಹ್ನಕ್ಕೆ ಅಮ್ಮನ ಕೈಯ ಬಿಸಿಬೇಳೆ ಬಾತ್ ಇರುತ್ತೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.